ದೋಣಿಗಾಡಿಯ ಪಕ್ಷಪಾತ

ನಮ್ಮ ಮನೆಯ ಕಾಂಪೌಂಡಿನೊಳಗೆ ಒಂದು ದೋಣಿ ನಿಂತಿದೆ. ಯಾದವಗಿರಿಯಲ್ಲಿ ಇಂಥದೊಂದು ನಿಂತರೆ ಬೆಳಗಿನ ವಾಕಿಂಗಿನವರು ಸುಮ್ಮನೆ ಮುಂದೆ ಹೋಗುವುದಿಲ್ಲ. ಮೊದಲ ವಾರ ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಇಂಥವನ್ನು ಬರೆದಿಡುವುದು ನನ್ನ ಚಟ. ನೀರೆಲ್ಲಿ ಎಂದವರು ಒಂಬತ್ತು ಜನ. ಪ್ರಳಯದ ಸುದ್ದಿ ಏನಾದರೂ ಇದೆಯೇ ಎಂದವರು ಇಬ್ಬರು. ಒಬ್ಬರು ಮಾತ್ರ ಇದು ಯಾರ ಐಡಿಯಾ ಎಂದು ಕೇಳಿ, ಉತ್ತರಕ್ಕೂ ಕಾಯದೆ, ನನ್ನ ಹೆಂಡತಿ ವನಜಳ ಕಡೆ ಮರುಕದಿಂದ ನೋಡಿದರು.

ಐಡಿಯಾ ನನ್ನದೇ. ಐವತ್ತು ದಾಟಿದ ಮೇಲೆ ಕೆಲವರಿಗೆ ಯೋಗಾಸನ ಹಿಡಿಸುತ್ತದೆ, ಕೆಲವರಿಗೆ ರಾಜಕೀಯ. ನನಗೆ ಕೆರೆಯಲ್ಲಿ ಹುಟ್ಟು ಹಾಕುವ ಆಸೆ ಹತ್ತಿಕೊಂಡಿತು. ಬಾಗಿಲು ಮುಚ್ಚಿದ ಒಂದು ರೆಸಾರ್ಟಿನಿಂದ ಸಣ್ಣ ಫೈಬರ್ ದೋಣಿ ಸಿಕ್ಕಿತು. ಜೊತೆಗೆ ಅದನ್ನು ಕಾರಿನ ಹಿಂದೆ ಎಳೆದುಕೊಂಡು ಹೋಗಲು ಎರಡು ಗಾಲಿಯ ಟ್ರೇಲರ್. ಟ್ರೇಲರನ್ನು ಮಾಡಿದ್ದು ಬೇರಾವುದೋ ಉದ್ದನೆಯ ದೋಣಿಗಾಗಿ. ಅದರ ಮೇಲೆ ನಮ್ಮದು ಅಣ್ಣನ ಬೂಟು ಹಾಕಿಕೊಂಡ ತಮ್ಮನ ಹಾಗೆ ಕೂತಿತ್ತು.

ವನಜ ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಒಳಗೆ ಕೈ ಇಳಿಸಿ ಆಳವನ್ನು ಗೇಣಿನಲ್ಲಿ ಅಳೆದಳು. ದಂಟಿನ ಸೊಪ್ಪಿಗೆ ಇಷ್ಟು ಮಣ್ಣು ಧಾರಾಳವಾಯಿತು ಎಂದಳು. ನಾನು ಗಾಬರಿಬಿದ್ದು ಸಂಧಾನಕ್ಕಿಳಿದೆ. ಕೊನೆಗೆ ಆದ ಒಪ್ಪಂದ ಹೀಗೆ: ನನಗೆ ಎರಡು ಭಾನುವಾರ. ಊರಾಚೆಯ ಕೆರೆಯವರೆಗೆ ದೋಣಿಯನ್ನು ಎಳೆದೊಯ್ದು, ಪಕ್ಕದಲ್ಲಿ ಕೂತ ಅವಳು ಎದೆ ಹಿಡಿದುಕೊಳ್ಳದ ಹಾಗೆ ಮನೆಗೆ ತಂದರೆ ದೋಣಿ ದೋಣಿಯಾಗಿಯೇ ಉಳಿಯುತ್ತದೆ. ಇಲ್ಲವಾದರೆ ಒಂದು ಬದಿಗೆ ದಂಟು, ಇನ್ನೊಂದು ಬದಿಗೆ ಮೆಂತ್ಯ.

ನಾನು ಶ್ರದ್ಧೆಯಿಂದ ಕೆಲಸ ಹಿಡಿದೆ. ದೋಣಿಯ ತಳ ಕೂರುವ ಎರಡು ಮರದ ಹಲಗೆಗಳಿಗೆ ಹಳೆಯ ಜಮಖಾನ ಕತ್ತರಿಸಿ ಸುತ್ತಿದೆ. ಗಾಲಿಗೆ ಗಾಳಿ, ಅಚ್ಚಿಗೆ ಗ್ರೀಸು, ಹಿಂದೆ ಕೆಂಪು ದೀಪ. ದೋಣಿಯ ಮೂತಿ ತಾಗಿ ನಿಲ್ಲಲು ಮುಂದುಗಡೆ ಒಂದು ಕಬ್ಬಿಣದ ಗೂಟವಿದೆ. ಬೋಲ್ಟು ಸಡಿಲಿಸಿದರೆ ಅದು ಹಿಂದೆ ಮುಂದೆ ಸರಿಯುತ್ತದೆ. ಅದನ್ನು ಸರಿಸುತ್ತ, ದೋಣಿಯನ್ನು ಹಿಂದಕ್ಕೆ ತಳ್ಳುತ್ತ, ಕೊನೆಗೆ ಎಂಥ ಸಮತೋಲಕ್ಕೆ ತಂದೆನೆಂದರೆ, ಕಾರಿಗೆ ಸಿಕ್ಕಿಸುವ ಮುಂದಿನ ಕಂಬವನ್ನು (ಎತ್ತಿನ ಗಾಡಿಯಲ್ಲಾದರೆ ಮೂಕಿ ಎನ್ನುತ್ತೇವಲ್ಲ, ಅದನ್ನು) ಕಿರುಬೆರಳಿನಲ್ಲಿ ಎತ್ತಬಹುದಾಗಿತ್ತು.

ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಬಂದು ಮೂರು ಸಲ ಎತ್ತಿ ನೋಡಿ, ಸೃಷ್ಟಿಯೆಲ್ಲ ನಿಂತಿರುವುದೇ ಹೀಗೆ ಎಂದರು. ನನಗೂ ಹಾಗೇ ಅನಿಸಿತು. ಸಮತೋಲವೆಂದರೆ ನಮ್ಮವರಿಗೆ ಲಾಗಾಯ್ತಿನಿಂದ ಭಕ್ತಿ. ಹರಕೆ ಹೊತ್ತು ತುಲಾಭಾರ ಮಾಡಿಸುತ್ತೇವೆ. ನ್ಯಾಯದೇವತೆಯ ಕಣ್ಣು ಕಟ್ಟಿದರೂ ಕೈಗೆ ತಕ್ಕಡಿ ಕೊಡುತ್ತೇವೆ. ವಾತ ಪಿತ್ತ ಕಫಗಳು ಸಮವಾಗಿರಲಿ ಎನ್ನುತ್ತಾರೆ ಪಂಡಿತರು. ಸಾರಿನಲ್ಲಿ ಉಪ್ಪು ಹುಳಿ ಖಾರ ಸಮವಾಗಿರಲಿ ಎನ್ನುತ್ತಾರೆ ಪಂಡಿತರ ಮನೆಯವರು. ಇಷ್ಟೆಲ್ಲ ಬೆಂಬಲವಿರುವಾಗ ನನ್ನ ಟ್ರೇಲರ್ ಒಂದು ತತ್ತ್ವಶಾಸ್ತ್ರದ ಹಾಗೆ ಕಂಡಿತು.

ಮೊದಲ ಭಾನುವಾರ ತತ್ತ್ವಶಾಸ್ತ್ರವನ್ನು ರಿಂಗ್ ರೋಡಿಗೆ ತಂದೆ. ನಲವತ್ತರವರೆಗೆ ಅದು ಸಭ್ಯವಾಗಿ ಹಿಂಬಾಲಿಸಿತು. ನಲವತ್ತೈದಕ್ಕೆ ಸೊಂಟ ಆಡಿಸಿತು. ಐವತ್ತು ಮುಟ್ಟುವಷ್ಟರಲ್ಲಿ ದೋಣಿ ಎಡಗನ್ನಡಿಯಲ್ಲೊಮ್ಮೆ ಬಲಗನ್ನಡಿಯಲ್ಲೊಮ್ಮೆ ಇಣುಕುತ್ತ, ಕಾರನ್ನೂ ತನ್ನ ಕುಣಿತಕ್ಕೆ ಸೇರಿಸಿಕೊಂಡಿತು. ಬ್ರೇಕು ತುಳಿಯುವ ಧೈರ್ಯವಾಗದೆ ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದೆ. ಓರೆಗಣ್ಣಿನಲ್ಲಿ ನೋಡಿದೆ. ವನಜಳ ಕೈ ಎದೆಯ ಮೇಲಿತ್ತು. ಅಲ್ಲಿಂದಲೇ ತಿರುಗಿಸಿ ಇಪ್ಪತ್ತರ ವೇಗದಲ್ಲಿ ಮನೆಗೆ ಬಂದೆವು. ಗೇಟು ತೆಗೆಯುವಾಗ ಅವಳು ಬಾಯಿ ಬಿಟ್ಟಳು.

"ಇಪ್ಪತ್ತಾರು ವರ್ಷದಿಂದ ನಾನು ಮುಂದೆ ಎಳೀತಾ ಇದ್ದೀನಿ, ನೀವು ಹಿಂದೆ ಹೀಗೇ ಅಲ್ಲಾಡ್ಕೊಂಡು ಬರ್ತಾ ಇದ್ದೀರಿ. ನಂಗೆ ಅಭ್ಯಾಸ ಆಗಿದೆ. ಪಾಪ, ಕಾರಿಗೆ ಆಗಿಲ್ಲ ಕಣ್ರೀ."

ಆ ಸಂಜೆ ಅವಳು ಕೊಟ್ಟಿಗೆ ಗೊಬ್ಬರ ಎಲ್ಲಿ ಸಿಗುತ್ತದೆಂದು ಫೋನಿನಲ್ಲಿ ವಿಚಾರಿಸುತ್ತಿದ್ದಳು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

ಉಳಿದಿದ್ದು ಒಂದೇ ಭಾನುವಾರ. ಲಷ್ಕರ್ ಮೊಹಲ್ಲಾದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಶಿವಣ್ಣನನ್ನು ಕರೆತಂದೆ. ಎಲ್ಲೋ ಬೆಸುಗೆ ಬಿಟ್ಟಿರಬೇಕೆಂದು ನನ್ನ ಅನುಮಾನ. ಆದರೂ ಹೆಮ್ಮೆ ತಡೆಯದೆ, ಒಂದು ಬೆರಳಿನಲ್ಲಿ ಎತ್ತಿ ನೋಡು ಎಂದೆ. ಅವನು ಎತ್ತಿ, ಇಳಿಸಿ, ನನ್ನ ಮುಖ ನೋಡಿದ.

"ಇದೇ ಸಾರ್ ಕಾಯ್ಲೆ. ನಮ್ಮಪ್ಪ ಗಾಡಿಗೆ ಕಬ್ಬು ಏರ್ವಾಗ ಮುಂದ್ಕೇ ಒಸಿ ಜಾಸ್ತಿ ಆಕೋರು. ಭಾರ ಇಂದಕ್ಕೆ ಬಿದ್ರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತೆ. ಸಮ ಆಗೋದ್ರೆ ಗಾಡಿ ಯಾರ ಮಾತೂ ಕೇಳಾಕಿಲ್ಲ. ಎಳೆಯೋರ ಮೇಲೆ ಒಸಿ ಭಾರ ಕೂತ್ಕಂಡ್ರೇನೇ ಅದು ನೆಟ್ಟಗೆ ಬರೋದು ಬುಡಿ."

ಕಾಂಪೌಂಡಿನಾಚೆ ಮೇಷ್ಟ್ರು ಗಿಡಗಳಿಗೆ ನೀರು ಹಾಕುವುದರಲ್ಲಿ ತನ್ಮಯರಾದರು. ಅವತ್ತು ಆಗಲೇ ಒಂದು ಮಳೆ ಬಿದ್ದಿತ್ತು.

ಶಿವಣ್ಣ ಗೂಟವನ್ನು ಎರಡು ಗೇಣು ಮುಂದಕ್ಕೆ ಸರಿಸಿದ. ಅದರ ಹಿಂದೆಯೇ ದೋಣಿಯೂ ಮುಂದೆ ಸರಿಯಿತು. ದೋಣಿಯ ಬಾಲ ಗಾಳಿಯಲ್ಲಿ ನೇತಾಡದ ಹಾಗೆ ಹಲಗೆಗಳನ್ನು ಅದರ ಕೊನೆಯ ಅಂಚಿನವರೆಗೂ ಹೊಂದಿಸಿದ. ಬಾಲಕ್ಕೊಂದು ಪಟ್ಟಿ ಬಿಗಿದ. ಕೊಂಡಿ ಕಳಚಿದರೂ ಮೂಕಿ ರಸ್ತೆಗೆ ಬೀಳಬಾರದೆಂದು ಅದರ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಹಾಯಿಸಿ ಕಾರಿಗೆ ಸಿಕ್ಕಿಸುವ ವ್ಯವಸ್ಥೆ ಮಾಡಿದ. ಒಟ್ಟು ಭಾರದ ಹತ್ತರಲ್ಲೊಂದು ಪಾಲಾದರೂ ಮುಂದೆ ಬೀಳಬೇಕೆಂದು ನಾನು ಅಷ್ಟರಲ್ಲಿ ಓದಿಕೊಂಡಿದ್ದೆ. ವನಜ ಬಚ್ಚಲಮನೆಯ ಪಕ್ಕದಿಂದ ತೂಕದ ಯಂತ್ರ ತಂದಿಟ್ಟಳು. ಅದರ ಮೇಲೆ ನಾನು ನಿಲ್ಲುವಾಗ ಉಸಿರು ಬಿಗಿಹಿಡಿಯುತ್ತೇನೆ. ಮೂಕಿ ಯಾವ ಸಂಕೋಚವೂ ಇಲ್ಲದೆ ಕೂತು ಮೂವತ್ತೆಂಟು ಎಂದಿತು. ಲೆಕ್ಕ ಹಾಕಿದರೆ ಹತ್ತರಲ್ಲೊಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಯಂತ್ರ ನೋಡುವ ಮೊದಲೇ ಶಿವಣ್ಣ ಕೈಯಲ್ಲಿ ಎತ್ತಿ, ಸಾಕು ಎಂದಿದ್ದ.

ಎರಡನೆಯ ಭಾನುವಾರ ವನಜ ತೊಡೆಯ ಮೇಲೆ ಟಿಫನ್ ಕ್ಯಾರಿಯರ್ ಇಟ್ಟುಕೊಂಡು ಕೂತಳು. ನಾನು ರಸ್ತೆಯಷ್ಟೇ ಅವಳ ಕೈಯನ್ನೂ ನೋಡುತ್ತಿದ್ದೆ. ನಲವತ್ತು, ನಲವತ್ತೈದು, ಐವತ್ತು. ದೋಣಿ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಮಗುವಿನ ಹಾಗೆ ನೆಟ್ಟಗೆ ಬಂತು. ಕೈ ಕ್ಯಾರಿಯರಿನ ಮೇಲೆಯೇ ಇತ್ತು. ಕೆರೆಯಲ್ಲಿ ನನ್ನ ಬಲಗೈಗೆ ಬಲ ಹೆಚ್ಚಾಗಿ ಅರ್ಧ ಗಂಟೆ ಒಂದೇ ಜಾಗದಲ್ಲಿ ಸುತ್ತಿದೆವು. ಅದು ಒಪ್ಪಂದದಲ್ಲಿ ಇರಲಿಲ್ಲ.

ಮರಳಿ ಹೊರಡುವಾಗ ಅವಳು ಕೀ ಕೇಳಿದಳು. ವಾಪಸು ತಾನೇ ಓಡಿಸುತ್ತಾಳಂತೆ. ನಾನು ಎಡಗಡೆಯ ಸೀಟಿಗೆ ಬಂದೆ. ನಮ್ಮ ಮನೆಯಲ್ಲಿ ಎಲ್ಲವೂ ಅರ್ಧ ಅರ್ಧ ಎಂದು ನೆಂಟರ ಮುಂದೆ ನಾನು ಹೇಳಿಕೊಳ್ಳುವುದುಂಟು: ಅವಳು ಅಡುಗೆ ಮಾಡುತ್ತಾಳೆ, ನಾನು ಹೇಗಿದೆಯೆಂದು ಹೇಳುತ್ತೇನೆ. ಆ ಸಮತೋಲವೂ ನಾನೇ ಗೂಟ ಸರಿಸಿ ಮಾಡಿದ್ದಿರಬೇಕು ಎಂಬ ಯೋಚನೆ ಬಂತು. ಯೋಚನೆಯಿಂದ ತಪ್ಪಿಸಿಕೊಳ್ಳಲು ಕತ್ತು ತಿರುಗಿಸಿ ದೋಣಿ ನೋಡಿದೆ. ಎರಡು ಹಂಪು ದಾಟಿದ ಮೇಲೆ ಮತ್ತೆ ನೋಡಿದೆ.

"ಹಿಂದೆ ನೋಡ್ಬೇಡಿ, ಅದು ಬರತ್ತೆ," ಎಂದಳು ವನಜ. ಗೇರು ಬದಲಿಸಿ, "ಸೊಪ್ಪಿಗೆ ತಾರಸಿ ಮೇಲೆ ಕುಂಡ ಇಟ್ಕೋತೀನಿ. ಮಣ್ಣು ಹೊರೋದು ನೀವು," ಎಂದಳು.

ನಾನು ಮುಂದಕ್ಕೆ ತಿರುಗಿ ಕೂತೆ. ಎಳೆಸಿಕೊಂಡು ಹೋಗುವವರು ಎಳೆಯುವವರಿಗೆ ಮಾಡಬಹುದಾದ ಉಪಕಾರವೆಂದರೆ ಒಂದೆರಡು ಗೇಣು ಅವರ ಕಡೆಗೆ ಸರಿದು ಕೂರುವುದು.