ಮುನಿಯಮ್ಮನ ಪೂಂಗಾದ ಕಲ್ಲು

ಗಡಿಯಾಚೆ ತಮಿಳುನಾಡಿನ ಹೊಸೂರಿಗೆ ಬಂದ ಮೊದಲ ದಿನವೇ ನನಗೆ ಓದು ಬಾರದಂತಾಯಿತು. ರಾಣೆಬೆನ್ನೂರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ಇಲ್ಲಿ ಬಸ್ಸಿನ ಬೋರ್ಡು, ಔಷಧಿ ಅಂಗಡಿಯ ಹೆಸರು, ಎಲ್ಲದರ ಮುಂದೆ ಸುಮ್ಮನೆ ನಿಂತೆ. ಕಣ್ಣು ಮುಚ್ಚಿದರೆ ಮಾತ್ರ ಸುತ್ತ ಕನ್ನಡ. ಸೊಪ್ಪು ಮಾರುವ ಅಜ್ಜಿ ನನಗೆ ಕನ್ನಡದಲ್ಲಿ ಬೆಲೆ ಹೇಳಿ, ಪಕ್ಕದವಳನ್ನು ತೆಲುಗಿನಲ್ಲಿ ಬೈದು, ಫೋನಿನಲ್ಲಿ ತಮಿಳು ಆಡುತ್ತಾಳೆ. ಕಿವಿಗೆ ನಮ್ಮ ಊರು, ಕಣ್ಣಿಗೆ ಪರದೇಶ.

ನಮ್ಮವರಿಗೆ ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಬಾಗಲೂರು ರಸ್ತೆಯ ಬಡಾವಣೆಯೊಂದರಲ್ಲಿ ಬಾಡಿಗೆಗೆ ಬಂದೆವು. ಓನರ್ ಮನೆಯವರು ಕೆಳಗೆ, ನಾವು ಮೇಲೆ. ದೇವರು ಕಣ್ಣು ಬಿಟ್ಟಿದ್ದ ಅಂತಲೇ ಹೇಳಬೇಕು. ನಲ್ಲಿಯಲ್ಲಿ ದಿನಾ ನೀರು, ಮಗಳಿಗೆ ನಡೆದು ಹೋಗುವಷ್ಟು ಹತ್ತಿರ ಶಾಲೆ. ಓನರ್ ಹೆಂಡತಿ ನನ್ನ ಮಾತಿನ ಧಾಟಿಗೆ ನಗುತ್ತಿದ್ದರೂ ಸಾರು ಕೊಡದೆ ಕಳಿಸಿದವರಲ್ಲ.

ಒಂದೇ ಕೊರತೆ. ನಮ್ಮ ಕಡೆ ಮನೆಯಿಂದ ಹೊರಬಿದ್ದರೆ ಕೈಮುಗಿಯಲು ಒಬ್ಬಳು ತಾಯಿ ಇದ್ದೇ ಇರುತ್ತಾಳೆ. ಇಲ್ಲಿ ನಮ್ಮ ಬೀದಿಯ ಕೊನೆಗೆ ಇದ್ದದ್ದು ಒಂದು ಪೂಂಗಾ. ಉದ್ಯಾನಕ್ಕೆ ಇವರು ಹಾಗೆನ್ನುತ್ತಾರೆ. ಒಳಗೆ ಜಾರುಬಂಡೆ, ನಾಲ್ಕು ಬೆಂಚು, ಹೆಂಗಸರಿಗೆ ಹೊಲಿಗೆಯನ್ನೂ ನನ್ನಂಥವರಿಗೆ ತಮಿಳು ಅಕ್ಷರವನ್ನೂ ಕಲಿಸುವ ಸಮುದಾಯ ಕೂಡಂ, ಅಂದರೆ ಸಮುದಾಯ ಭವನ. ಮೂಲೆಯಲ್ಲಿ ಬೇವಿನ ಮರ, ಅದರ ಬುಡದಲ್ಲಿ ಮೊಣಕಾಲೆತ್ತರದ ಕಲ್ಲು. ಬೇವಿನ ಬುಡದ ಕಲ್ಲು ನಮ್ಮಲ್ಲಿ ದ್ಯಾಮವ್ವನೋ ದುರ್ಗವ್ವನೋ ಆಗಿರಲೇಬೇಕು. ಪಾಪ, ಇವಳನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಅಂದುಕೊಂಡು ತೊಳೆದೆ. ಮೈಮೇಲೆ ಏನೋ ಗೀರಿದಂತಿತ್ತು, ತ್ರಿಶೂಲವಿರಬೇಕು ಅಂದುಕೊಂಡೆ. ದಿನಾ ಬೆಳಿಗ್ಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ದೀಪ ಹಚ್ಚಿದೆ. ಕೆಲವು ದಿನಕ್ಕೆ ಬೇರೆ ಹೆಂಗಸರೂ ನಿಂಬೆಹಣ್ಣು ತಂದರು. ಹೊಸ ಊರಲ್ಲಿ ನಾನೂ ಒಂದು ಒಳ್ಳೇ ಕೆಲಸ ಮಾಡಿದೆ ಅಂತ ಒಳಗೊಳಗೇ ಹಿಗ್ಗು.

ಒಂದೂವರೆ ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕಲ್ಲಿನ ಸುತ್ತ ನಾಲ್ಕು ಕಬ್ಬಿಣದ ಕಂಬ, ಮೇಲೆ ತಗಡಿನ ಷೀಟು, ಮುಂದೆ ದೊಡ್ಡ ಫ್ಲೆಕ್ಸು. ಅದರಲ್ಲಿ ನಮ್ಮ ಓನರ್ ತಮ್ಮ ಗೋವಿಂದಪ್ಪ ಕೈಮುಗಿದು ನಿಂತಿದ್ದರು. ಕೂಡಂ ನಡೆಸುವ, ನನಗೆ ಅಕ್ಷರ ಕಲಿಸುವ ಸರಸ ಷೀಟಿನ ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದಳು.

“ಏನಕ್ಕಾ, ನಮ್ಮಮ್ಮಂಗೆ ಗುಡಿಗೆ ಹೋಗೋಕೂ ಪುರುಸೊತ್ತಿರ್ನಿಲ್ಲ. ಅವಳು ನೆಡ್ಸಿದ ಕಲ್ನೇ ದೇವ್ರು ಮಾಡ್ಬುಟ್ರಲ್ಲ!”

ಅವಳು ಈ ಪೂಂಗಾ ಉಳಿಸಿದ ಮುನಿಯಮ್ಮನ ಮಗಳು ಅನ್ನುವುದು ನನಗೆ ಗೊತ್ತಾದದ್ದು ಆಗಲೇ. ಪೂಂಗಾದ ಗೇಟಿನ ಮೇಲೆ ಮುನಿಯಮ್ಮನ ಹೆಸರೇ ಇದ್ದರೂ ನನಗೆ ಇನ್ನೂ ಓದಲು ಬರುತ್ತಿರಲಿಲ್ಲ. ಇದು ಪೊರಂಬೋಕು, ಅಂದರೆ ಸರ್ಕಾರದ ಜಾಗ. ಹಿಂದೊಮ್ಮೆ ಕೆಲವರು ಇದನ್ನು ಸೈಟು ಮಾಡಿ ಮಾರಲು ಹೊರಟಾಗ ಮುನಿಯಮ್ಮ ಮಣ್ಣಿನ ಲಾರಿಯ ಮುಂದೆ ಕೂತಳಂತೆ. ವರ್ಷಗಟ್ಟಲೆ ಕಚೇರಿ ಅಲೆದು, ಅಳತೆ ಮಾಡಿಸಿ, ಗಡಿಗೆ ಸರ್ವೆ ಕಲ್ಲು ನೆಡಿಸಿದಳಂತೆ. ನಾನು ಅರಿಶಿನ ಬಳಿದದ್ದು ಅದಕ್ಕೆ.

“ಮೊದ್ಲು ಅರಿಸಿನ, ಆಮೇಲೆ ಷೀಟು, ಆಮೇಲೆ ಗೋಡೆ, ಗೋಡೆಗಂಟಿ ಅಂಗಡಿ ಸಾಲು,” ಎಂದಳು ಸರಸ. “ಗೋವಿಂದಪ್ಪ ನಿಮ್ಮನ್ನ ಎಲ್ಲಿಂದ ಕರ್ಕಂಡ್ ಬಂದ?”

ಆ ಮಾತು ಎದೆಗೆ ನಾಟಿತು. ನನ್ನನ್ನು ಯಾರೂ ಕರೆತಂದಿಲ್ಲ ಅಂದರೆ ನಂಬುವವರು ಯಾರು? ಓನರ್ ಮನೆಯ ಮೇಲೆಯೇ ಇದ್ದೇವಲ್ಲ.

ಸಂಜೆ ಗೋವಿಂದಪ್ಪ ಮೆಟ್ಟಿಲು ಹತ್ತಿ ಬಂದರು. “ಅಕ್ಕಾ, ಸರಸ ದೂರು ಕೊಟ್ಟವ್ಳೆ, ಗುರುವಾರ ಸರ್ವೇಯರ್ ಬತ್ತಾನೆ. ಅಮ್ಮನೋರು ಮೊದಲಿಂದಾನೂ ಅಲ್ಲೇ ಅವ್ರೆ ಅಂತ ಒಂದ್ ಮಾತು ಹೇಳ್ಬುಡಿ. ಹಳೇ ದೇವ್ರು ಅಂದ್ರೆ ಯಾವ ಆಫೀಸರೂ ಮುಟ್ಟಾಕಿಲ್ಲ.” ಹೋಗುವಾಗ ಮಗಳ ಗಲ್ಲ ತಟ್ಟಿ, “ಮನೆ ಅನುಕೂಲವಾಗೈತೆ ತಾನೆ?” ಎಂದರು.

ನಮ್ಮವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. “ಗುರುವಾರ ನೀನು ಹೊರಗೇ ಹೋಗಬ್ಯಾಡ.”

“ಹೋಗದಿದ್ದರ ನನ್ನ ಹೆಸರಿನ್ಯಾಗ ಅವರೇ ಹೇಳ್ತಾರ.”

“ಹೇಳಲಿ. ಈ ಮನಿ ಬಿಟ್ಟು ಎಲ್ಲಿಗೆ ಹೋಗೋಣು?”

ಮೂರು ದಿನ ದೇವರ ಮುಂದೆ ಕೂತೆ. ಮಂತ್ರ ಬಾಯಿಗೆ ಬರುತ್ತಿತ್ತು, ಮನಸ್ಸು ಆ ಷೀಟಿನ ಕೆಳಗಿತ್ತು. ದೇವರ ಹೆಸರಲ್ಲಿ ಸುಳ್ಳು ಹೇಳುವುದು ಒಂದು ಪಾಪ. ಇಟ್ಟ ಕುಂಕುಮ ಒರೆಸುವುದು ಇನ್ನೊಂದು. ಕೇಳಲು ಹಿರಿಯರು ಹತ್ತಿರ ಇರಲಿಲ್ಲ.

ಗುರುವಾರ ಹೋದೆ. ಸರ್ವೇಯರ್ ಟೇಪು ಹಿಡಿದು ಬಂದವನು ದೀಪ ನೋಡಿ ಚಪ್ಪಲಿ ಬಿಟ್ಟ. ಕಲ್ಲನ್ನು ಮುಟ್ಟಲು ಅವನಿಗೂ ಹೆದರಿಕೆ. ತಮಿಳಿನಲ್ಲಿ ಏನೋ ಕೇಳಿದ. ಗೋವಿಂದಪ್ಪ ನನ್ನ ಕಡೆ ತಿರುಗಿದರು. “ಎಷ್ಟ್ ಕಾಲದಿಂದ ಪೂಜೆ ಅಂತ ಕೇಳ್ತಾವ್ರೆ. ಬೋ ಹಿಂದಿಂದ ಅನ್ನಿ.”

“ನಾನೇ ಶುರು ಮಾಡಿದ್ದು. ಒಂದೂವರೆ ತಿಂಗಳಾತು,” ಎಂದೆ.

ಗೋವಿಂದಪ್ಪ ನಕ್ಕರು. ಸರ್ವೇಯರಿಗೆ ತಮಿಳಿನಲ್ಲಿ ಏನೋ ಉದ್ದಕ್ಕೆ ಹೇಳಿದರು. ನಾನು ಹೇಳಿದ್ದು ಎರಡು ಮಾತು, ಅವರು ಹೇಳಿದ್ದು ಹತ್ತು. ಅವನು ತಲೆದೂಗಿ ಬರೆದುಕೊಳ್ಳತೊಡಗಿದ. “ಸುಳ್ಳು!” ಅಂತ ಸರಸ ಕೂಗಿದಳು. ಜನ ಕೂಗಾಡಿದರು. ಸರ್ವೇಯರ್ ಎಲ್ಲರಿಗೂ ಕೈ ಎತ್ತಿ ಸುಮ್ಮನಿರಿಸಿ ಬರೆಯುತ್ತಲೇ ಇದ್ದ.

ನನಗೆ ಅವನ ಭಾಷೆ ಬಾರದು. ಬಿಂದಿಗೆಯಲ್ಲಿ ಪೂಜೆಯ ನೀರಿತ್ತು. ದೀಪ ತೆಗೆದು ಪಕ್ಕಕ್ಕಿಟ್ಟು, ಕಲ್ಲಿನ ಮೇಲೆ ನೀರು ಸುರಿದು, ಸೆರಗಿನಿಂದ ಒರೆಸಿದೆ. ಹಿಂದೆ ಯಾರೋ ಹೆಂಗಸು “ಅಯ್ಯೋ, ಅಮ್ಮಾ!” ಎಂದಳು. ಅರಿಶಿನ ಹೋದ ಕಡೆ ಕೊರೆದ ಬಾಣದ ಗುರುತು, ಅದರ ಕೆಳಗೆ ಅಂಕಿ ಕಂಡವು. ಸರ್ವೇಯರ್ ಬಗ್ಗಿ ನೋಡಿದ. ಬರೆದದ್ದನ್ನು ಹೊಡೆದುಹಾಕಿ ಟೇಪು ಬಿಚ್ಚಿದ.

ಷೀಟು ಶನಿವಾರ ಇಳಿಯಿತು. ಭಾನುವಾರ ಓನರ್ ಹೆಂಡತಿ ಬಾಗಿಲಲ್ಲೇ ನಿಂತು, ಬೇರೆ ಮನೆ ನೋಡಿಕೊಳ್ಳಿ ಎಂದರು. ಅವರ ಕಣ್ಣು ತುಂಬಿತ್ತು, ಅದೂ ಒಂದು ಪುಣ್ಯವೇ. ಮೂರನೆಯ ದಿನ ನಮ್ಮವರು ತಾವೇ ಮನೆ ಹುಡುಕಲು ಹೊರಟರು. ಸರಸ ಜೊತೆಗೆ ಹೋದಳು. “ಅಕ್ಕಾ, ಪೂಂಗಾ ಬುಟ್ಟು ದೂರ ಹೋಗ್ಬ್ಯಾಡಿ, ಕಣ್ಣಿಟ್ಟಿರಾಕೆ ಒಬ್ರು ಬೇಕು,” ಎನ್ನುತ್ತಾಳೆ.

ಊರಿಂದ ಅವ್ವ ಫೋನು ಮಾಡಿದಳು. “ತಾಯಿ ಮೈಮ್ಯಾಲಿನ ಕುಂಕುಮ ಒರೆಸಿದಿ ಅಂತಲ್ಲ, ಯವ್ವಾ, ಕೈ ಹ್ಯಾಂಗ ಬಂತು ನಿನಗ? ಅಮಾಸಿಗೆ ಬಂದು ದ್ಯಾಮವ್ವಗ ತಪ್ಪಾತು ಅಂತ ಕಾಯಿ ಒಡಸು.”

ಬರುತ್ತೇನೆ ಎಂದಿದ್ದೇನೆ. ಹೋಗಿ ಕಾಯಿ ಒಡೆಸಿ, ಮಾರನೆಯ ದಿನವೇ ಹಿಂದಿರುಗಬೇಕು, ಸಾಮಾನು ಕಟ್ಟುವುದಿದೆ. ದ್ಯಾಮವ್ವನ ಮುಂದೆ ತಪ್ಪಾಯಿತು ಅಂತ ಖಂಡಿತ ಅನ್ನುತ್ತೇನೆ. ಹಚ್ಚಿದ್ದಕ್ಕೋ, ಒರೆಸಿದ್ದಕ್ಕೋ ಅಂತ ಅವಳು ಕೇಳಿದರೆ, ಇಲ್ಲಿ ಕೂತಾಗ ಒಂದು ಉತ್ತರ ಬರುತ್ತದೆ, ಊರು ನೆನೆದಾಗ ಇನ್ನೊಂದು.