ಬಿಗಿದ ಮುಷ್ಟಿಗೆ ಬಳೆಯಿಲ್ಲ

ಬಳೆ ಖಾಲಾ ಅವರ ಬಲಗೈ ಹೆಬ್ಬೆರಳ ತುಂಬ ಗಾಜು ಗೀರಿದ ಗೆರೆಗಳಿದ್ದವು. ಆ ಬೆರಳಿನಿಂದ ಅಂಗೈಯನ್ನು ಎರಡು ಸಲ ಒತ್ತಿದರೆ ಸಾಕು, ಅವರಿಗೆ ಅಳತೆ ತಿಳಿಯುತ್ತಿತ್ತು. ಶಿರಾದಿಂದ ನಮ್ಮೂರು ತೋವಿನಕೆರೆಗೆ ಬಸ್ಸಿನಲ್ಲಿ ಬಂದು, ನಮ್ಮ ಜಗಲಿಯ ಮೇಲೆ ಬಳೆಯ ಮಲಾರ ಬಿಚ್ಚಿ ಕೂರುತ್ತಿದ್ದರು. ಚಿಕ್ಕಮ್ಮನೆಂಬಂತೆ ನಾವೆಲ್ಲ ಖಾಲಾ ಎನ್ನುತ್ತಿದ್ದೆವು. "ಕೈ ಸಡ್ಲ ಬುಡು ಬೇಟಿ, ಬಳೆ ತಾನೇ ಬತ್ತದೆ" ಎನ್ನುತ್ತಿದ್ದರು. ಅಗಲ ಬಿಚ್ಚಿ ಚಾಚಿದ ನನ್ನ ಕೈ ಕಂಡರೆ ಮಾತ್ರ, "ಇದು ಕೈಯಲ್ಲ, ಮೊರ" ಎಂದು ನಗುತ್ತಿದ್ದರು.

ಹತ್ತೊಂಬತ್ತಕ್ಕೆ ನನ್ನ ಮದುವೆ ಗೊತ್ತಾಯಿತು. ಗಂಡು ನನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಸೋದರಮಾವ. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಬಾಯಿ ಬಿಟ್ಟಿರಲಿಲ್ಲ. ಬಳೆಶಾಸ್ತ್ರದ ದಿನ ಖಾಲಾ ನನ್ನ ಕೈ ಹಿಡಿದರು, ಒತ್ತಿದರು, ಮುಖ ನೋಡಿದರು. ಆಮೇಲೆ ಮಲಾರ ಕಟ್ಟಿ ಎದ್ದೇಬಿಟ್ಟರು.

"ಈ ಕೈಗೆ ನಾನು ಬಳೆ ತೊಡ್ಸಾಕಿಲ್ಲ."

ಚಪ್ಪರದಡಿ ಎಲ್ಲರೂ ದಂಗಾದರು. ಅಜ್ಜಿ, "ಮುತ್ತೈದೆಯಾಗೋ ಮಗೀಗೆ ಅಪಶಕುನ ಮಾಡ್ತೀಯಾ?" ಎಂದು ಹರಿಹಾಯ್ದಳು.

"ನನ್ ಬೈಬ್ಯಾಡಿ. ಆ ಮಗೀನ್ ಕೇಳಿ" ಎಂದರು ಖಾಲಾ.

ಅಪ್ಪ ಮೊದಲ ಸಲ ನನ್ನನ್ನು ಕೇಳಿದ. ನಾನು ಗೊಳೋ ಎಂದು ಅತ್ತೆ. ಮದುವೆ ನಿಂತಿತು, ನಾನು ಓದಿ ಶಾಲೆಯಲ್ಲಿ ಮೇಡಂ ಆದೆ. ಖಾಲಾರನ್ನು ಮಾತ್ರ ನಮ್ಮ ಬೀದಿಯವರು ಮತ್ತೆ ಯಾವ ಶುಭಕಾರ್ಯಕ್ಕೂ ಕರೆಯಲಿಲ್ಲ. ಅದಕ್ಕೆ ನಾನು ಅವರ ಕ್ಷಮೆ ಕೇಳಿದವಳೂ ಅಲ್ಲ.

ನಮ್ಮ ಕೆರೆ ಏರಿಯ ಮೇಲೊಂದು ಮಾಸ್ತಿಕಲ್ಲಿದೆ. ಗಂಡನ ಚಿತೆಯೇರಿದ ಪಾಳೆಯಗಾರನ ಕಿರಿಯ ರಾಣಿಯ ಕಲ್ಲು: ಬಳೆ ತುಂಬಿದ ಒಂದು ತೋಳು, ಬಿಚ್ಚಿದ ಅಂಗೈ. ಅದನ್ನೇ ಹಿಡಿದು ಆ ಪಾಳೆಯಗಾರನ ಅಂತಃಪುರದ ಹೆಂಗಸರ ಬಗ್ಗೆ ಕಾದಂಬರಿ ಬರೆದೆ. ಹೋದ ವರ್ಷ ಶಿರಾಕ್ಕೆ ಹೋಗಿ ಖಾಲಾರಿಗೆ ಕೊನೆಯ ಅಧ್ಯಾಯ ಓದಿದೆ. ಕಿರಿಯ ರಾಣಿ ತಾನೇ ಕೈ ಚಾಚಿ ಹಸಿರು ಬಳೆ ತೊಡಿಸಿಕೊಂಡು, ನಗುತ್ತ ಚಿತೆಗೆ ನಡೆಯುತ್ತಾಳೆ. ಖಾಲಾ ಕಣ್ಣೊರೆಸಿಕೊಳ್ಳುತ್ತಾರೆಂದು ಕಾದೆ.

"ಸುಳ್ಳು ಬರ್ದಿದೀಯ" ಎಂದರು.

ನಾನು ಹಾಳೆಗಳನ್ನು ಕೆಳಗಿಟ್ಟೆ.

"ಆ ರಾಣಿಗೆ ಬಳೆ ತೊಡ್ಸಿದ್ದು ನಮ್ಮನೆ ಹೆಂಗ್ಸೇ ಕಣಮ್ಮ. ನಮ್ಮಮ್ಮನ ಅಮ್ಮ, ನಮ್ ನಾನಿ ಹೇಳ್ತಿದ್ರು. ಆ ಹುಡ್ಗಿ ಮುಷ್ಟಿ ಬಿಚ್ಚಲೇ ಇಲ್ಲ. ಅರಮನೆ ಹೆಂಗಸ್ರೇ ನಾಕ್ ಜನ ಅದುಮಿ ಹಿಡ್ಕಂಡು, ಬೆರಳು ಮುರ್ದು ನಮ್ಮೋಳ ಕೈಲಿ ತೊಡ್ಸುದ್ರಂತೆ. ಅವತ್ತಿಂದ ಬಿಗ್ದಿರೋ ಮುಷ್ಟಿಗೆ ನಮ್ಮನೇರು ಬಳೆ ತೊಡ್ಸಂಗಿಲ್ಲ."

"ಕಲ್ಲಲ್ಲಿ ಅಂಗೈ ಬಿಚ್ಚೇ ಇದೆಯಲ್ಲ ಖಾಲಾ?"

"ಆ ಕಲ್ಲು ಕೆತ್ತಿಸ್ದೋರು ಯಾರು, ಅದ್ ಹೇಳು."

ಆ ಕಲ್ಲಿಗೆ ನಾನು ಎಷ್ಟು ಸಲ ಅರಿಶಿನ ಕುಂಕುಮ ಹಚ್ಚಿದ್ದೆ. ನನ್ನ ಅಂಗೈ ನೋಡಿಕೊಂಡು ಕೇಳಿದೆ. "ಅವತ್ತು ನನ್ನ ಕೈ?"

"ಬಿಗ್ದಿತ್ತು ಬೇಟಿ. ನಿಂಗೇ ಗೊತ್ತಿರ್ಲಿಲ್ಲ."

ಆಮೇಲೆ ಅವರು ಒಳಗಿಂದ ಹಳೆಯ ಮಲಾರ ತಂದು, ನನ್ನ ಅಂಗೈಯನ್ನು ಎರಡು ಸಲ ಒತ್ತಿ, ಹಸಿರು ಬಳೆ ತೊಡಿಸಿದರು. ಒಂದೂ ಒಡೆಯಲಿಲ್ಲ.

ತಿಂಗಳೊಳಗೆ ಖಾಲಾ ತೀರಿಕೊಂಡರು. ಸುದ್ದಿ ಬಂದಾಗ ನಾನು ಕೊನೆಯ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೆ, ಅವರ ಬಳೆಗಳು ಕೈಯಲ್ಲಿದ್ದವು. ಈಗ ಅದರಲ್ಲಿ ರಾಣಿ ನಗುವುದಿಲ್ಲ, ಕೈ ಚಾಚುವುದಿಲ್ಲ. ಅವಳ ಮುಂದೆ ಕೂತ ಬಳೆಗಾರ್ತಿಗೆ ಮಲಾರ ಕಟ್ಟಿ ಏಳುವಂತೆ ಮಾಡಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದೆ, ಆದರೆ ಆ ದಿನ ಅರಮನೆಯಲ್ಲಿ ಹಾಗೆ ಎದ್ದವರು ಯಾರೂ ಇರಲಿಲ್ಲ.