ದನಿಯಿಲ್ಲದ ಮಾತನ್ನು ಎಚ್‌ಡಿಯಲ್ಲಿ ಹಿಡಿದದ್ದು

೨೦೦೯ರಲ್ಲಿ ನಾನು ತುಮಕೂರಿನಲ್ಲಿ ಟಿವಿ ರಿಪೇರಿ, ಡಿಶ್ ಫಿಟ್ಟಿಂಗ್ ಮತ್ತು ಕಂಪ್ಯೂಟರ್ ಅಸೆಂಬ್ಲಿಯ ಅಂಗಡಿ ನಡೆಸುತ್ತಿದ್ದೆ. ಇಷ್ಟೆಲ್ಲ ಬರೆಯಲು ಬೋರ್ಡಿನಲ್ಲಿ ಜಾಗ ಸಾಲದು ಎಂದು ಪೇಂಟರ್ ತಕರಾರು ತೆಗೆದಿದ್ದ. ನಾನು ಒಂದಕ್ಷರವನ್ನೂ ಬಿಡಲು ಒಪ್ಪಲಿಲ್ಲ. ಗುಬ್ಬಿಯಿಂದ ಬಂದು ಕಪ್ಪು-ಬಿಳುಪು ಟಿವಿಯ ಕಾಲದಲ್ಲಿ ಕಸುಬು ಕಲಿತವನು ನಾನು. ಕಲಿತದ್ದನ್ನೆಲ್ಲ ಜನ ನೋಡಲಿ ಎಂಬ ಆಸೆ ಇದ್ದದ್ದು ನಿಜ.

ಪಕ್ಕದ ಮಳಿಗೆಯಲ್ಲಿ ಶಮೀಮ್ ಬಾನು ಹೊಲಿಗೆ ಹಾಕುತ್ತಿದ್ದರು. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋಗಿತ್ತು. ಶಾಲೆಗೆ ಹೋಗಿರಲಿಲ್ಲ, ಅಕ್ಷರ ಗೊತ್ತಿರಲಿಲ್ಲ. ಆದರೆ ಎದುರಿಗಿದ್ದವರ ತುಟಿ ನೋಡಿ ಉರ್ದು, ಕನ್ನಡ ಎರಡನ್ನೂ ತಿಳಿಯುತ್ತಿದ್ದರು, ಎರಡನ್ನೂ ಮಾತಾಡುತ್ತಿದ್ದರು. ಗಂಡ ಇರಲಿಲ್ಲ. ಇದ್ದವಳು ಒಬ್ಬಳೇ ಮಗಳು, ನಾಜಿಯಾ. ಆ ಮನೆಯ ರೂಢಿಯೇ ಬೇರೆ. ತಾಯಿಯ ಜೊತೆ ಮಾತಾಡುವಾಗ ನಾಜಿಯಾ ತುಟಿ ಮಾತ್ರ ಆಡಿಸುತ್ತಿದ್ದಳು, ದನಿ ಹೊರಡಿಸುತ್ತಿರಲಿಲ್ಲ. ಯಾಕೆಂದು ಕೇಳಿದರೆ, ಕೇಳದವರ ಮುಂದೆ ದನಿ ಯಾಕೆ ದಂಡ ಮಾಡಬೇಕು ಎಂದು ನಗುತ್ತಿದ್ದಳು. ನನ್ನ ಅಂಗಡಿಯಲ್ಲೇ ನಿಂತು, ನನ್ನ ರೇಟಿನ ಬಗ್ಗೆ, ನನ್ನೆದುರೇ ಅವರಿಬ್ಬರೂ ಚಾಡಿ ಹೇಳಿಕೊಂಡಿರಬಹುದು. ನನಗೆ ತಿಳಿಯುವ ದಾರಿ ಇರಲಿಲ್ಲ.

ನಾಜಿಯಾ ಜಾವೆಲಿನ್ ಎಸೆತದಲ್ಲಿ ಗಟ್ಟಿಗಿತ್ತಿಯಾಗಿ ಬೆಂಗಳೂರಿನ ಕ್ರೀಡಾ ಹಾಸ್ಟೆಲ್ ಸೇರಿದ ಮೇಲೆ ತಾಯಿ-ಮಗಳ ಮಾತಿಗೆ ಕತ್ತರಿ ಬಿತ್ತು. ಫೋನಿನಲ್ಲಿ ತುಟಿ ಕಾಣುವುದಿಲ್ಲ, ಮೆಸೇಜು ಓದಲು ಬರುವುದಿಲ್ಲ. ಹಾಗಾಗಿ ಅವಳು ನನ್ನ ಅಂಗಡಿಗೆ ಫೋನ್ ಮಾಡುತ್ತಿದ್ದಳು. ಅವಳು ಹೇಳಿದ್ದನ್ನು ನಾನು ಶಮೀಮಮ್ಮನ ಕಡೆ ಮುಖ ಮಾಡಿ ಮತ್ತೊಮ್ಮೆ ಹೇಳುತ್ತಿದ್ದೆ. ಊಟ ಆಯ್ತಂತೆ, ಮೈ ಚೆನ್ನಾಗಿದೆಯಂತೆ, ಭುಜದ ನೋವು ಕಡಿಮೆಯಂತೆ. ಎಲ್ಲವನ್ನೂ ನನ್ನ ತುಟಿ ನೋಡಿ ತಿಳಿದುಕೊಂಡು ಆಕೆ ಪ್ರತಿ ಸಲವೂ ಅದೇ ಕೇಳುತ್ತಿದ್ದರು: "ಇನ್ನೇನಂದ್ಲು ಅಣ್ಣ?" ಹೇಳಲು ನನ್ನ ಹತ್ತಿರ ಇನ್ನೇನೂ ಇರುತ್ತಿರಲಿಲ್ಲ. ತಾಯಿ-ಮಗಳು ಆಡಿಕೊಳ್ಳುವ ಮಾತು ಗಡ್ಡ ಬಿಟ್ಟ ಗಂಡಸಿನ ಬಾಯಿಗೆ ಕೊಟ್ಟು ಕಳಿಸುವಂಥದ್ದಲ್ಲ.

ಆ ವರ್ಷ ಉತ್ತರದ ಕಡೆ ನಡೆಯಲಿದ್ದ ದೇಶಮಟ್ಟದ ಒಂದು ಕೂಟಕ್ಕೆ ಅವಳು ಆಯ್ಕೆಯಾದಳು. ಶಮೀಮಮ್ಮ ಒಳ್ಳೆಯ ಕಾಟನ್ ತಂದು, ತೋಳಿಗೆ ಬಿಗಿಯಾಗದ ಹಾಗೆ ಬನಿಯನ್ ಒಂದನ್ನು ಹೊಲಿದು ಕೊಟ್ಟರು. ಮೈದಾನದಲ್ಲಿ ತಂಡದ ಯೂನಿಫಾರಂ ಬಿಟ್ಟು ಬೇರೇನೂ ಕಾಣುವಂತಿಲ್ಲ ಎಂದು ಕೋಚ್ ಹೇಳಿಬಿಟ್ಟರಂತೆ. ಹೊಲಿದದ್ದು ವ್ಯರ್ಥವಾಯಿತೆಂದು ಶಮೀಮಮ್ಮನಿಗೆ ಬೇಸರವಾಗಿದ್ದು ಮುಖದಲ್ಲೇ ಕಾಣುತ್ತಿತ್ತು. ಹೊರಡುವ ಮೊದಲು ನಾಜಿಯಾ ನನ್ನ ಬಳಿಗೆ ಬಂದಳು.

"ಮಾಮ, ಪದಕ ಕೊಡೋವಾಗ ಕ್ಯಾಮೆರಾ ಮುಖದ್ ಹತ್ರಕ್ಕೆ ಬರುತ್ತೆ. ಆಗ ಅಮ್ಮಿ ಜೊತೆ ಮಾತಾಡ್ತೀನಿ. ನೀವು ಹಿಡಿದಿಟ್ಕೊಳಿ ಸಾಕು."

ಪದಕ ಬರದೆ ಹೋದರೆ ಎಂದು ಕೇಳುವ ಮನಸ್ಸಾಯಿತು. ಆ ಹುಡುಗಿಯ ಮುಖ ನೋಡಿ ಆಗಲಿ ಎಂದೆ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ನಮ್ಮ ಮಾಮೂಲಿ ಟಿವಿ ಚಿತ್ರ ಐನೂರ ಎಪ್ಪತ್ತಾರು ಗೆರೆಗಳಲ್ಲಿ ಮೂಡುತ್ತದೆ. ಕೇಬಲ್ಲಿನಲ್ಲಿ ಮನೆ ತಲುಪುವ ಹೊತ್ತಿಗೆ ಅದೂ ಮಸುಕು. ಶಮೀಮಮ್ಮ ಟಿವಿ ನೋಡುತ್ತಿದ್ದರು, ಆದರೆ ಅದರಲ್ಲಿ ಒಂದು ಮಾತೂ ಅವರಿಗೆ ಸಿಕ್ಕಿರಲಿಲ್ಲ. ಟಿವಿಯವರ ತುಟಿ ಕಲಸಿದ ಹಿಟ್ಟಿನ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಹೈ ಡೆಫಿನಿಶನ್, ಅಂದರೆ ಎಚ್‌ಡಿ ಪ್ರಸಾರದಲ್ಲಿ ಸಾವಿರದ ಎಂಬತ್ತು ಗೆರೆ. ಆ ಕೂಟವನ್ನು ಪ್ರಯೋಗಕ್ಕಾಗಿ ಎಚ್‌ಡಿಯಲ್ಲೂ, ಲಾಕ್ ಹಾಕದೆ, ಡಿಶ್ ಇದ್ದ ಯಾರು ಬೇಕಾದರೂ ಹಿಡಿಯುವಂತೆ, ಉಪಗ್ರಹಕ್ಕೆ ಬಿಡುತ್ತಾರೆ ಎಂಬ ಸುದ್ದಿ ನಮ್ಮ ಕಸುಬಿನವರ ನಡುವೆ ಹರಿದಾಡುತ್ತಿತ್ತು. ಅದನ್ನು ತೋರಿಸುವ ಟಿವಿ ನನ್ನಲ್ಲಿರಲಿಲ್ಲ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇತ್ತು. ಡಿಶ್‌ನ ವೈರನ್ನು ನೇರವಾಗಿ ಕಂಪ್ಯೂಟರಿಗೆ ಕೊಡುವ ಕಾರ್ಡೊಂದು ಕುಣಿಗಲ್‌ನಲ್ಲಿ ಕೇಬಲ್ ನಡೆಸುತ್ತಿದ್ದ ಗೆಳೆಯ ಗಂಗಾಧರನ ಬಳಿ ಧೂಳು ತಿನ್ನುತ್ತಿತ್ತು. ಕಾರ್ಡಿನ ಜೊತೆಗೆ ಅವನೂ ಬಂದ.

ನಮ್ಮ ತಾರಸಿಯ ಮೇಲೆ ಡಿಶ್ ತಿರುಗಿಸಿ ಸಿಗ್ನಲ್ ಹಿಡಿದೆವು. ಪ್ರಯೋಗದ ರೆಕಾರ್ಡಿಂಗ್ ಮುಕ್ಕಾಲು ಗಂಟೆ ಓಡಿ ತಾನಾಗಿ ನಿಂತಿತು. ಮತ್ತೆ ಶುರು ಮಾಡಿದರೆ ಮತ್ತೆ ಅಷ್ಟಕ್ಕೇ ನಿಂತಿತು. ತಪ್ಪನ್ನು ಗಂಗಾಧರ ನನ್ನ ವೈರಿನ ತಲೆಗೆ ಕಟ್ಟಿದ, ನಾನು ಅವನ ಕಾರ್ಡಿನ ತಲೆಗೆ ಕಟ್ಟಿದೆ. ಫೈಲಿನ ಗಾತ್ರ ನೋಡಿದಾಗ ನಗು ಬಂತು. ಎರಡೂ ಸರಿಯಾಗಿ ನಾಲ್ಕು ಜಿಬಿ. ನಮ್ಮ ಕಡೆ ಕಂಪ್ಯೂಟರ್ ಜೋಡಿಸುವ ನಾವೆಲ್ಲ ಹಾರ್ಡ್ ಡಿಸ್ಕನ್ನು ಫ್ಯಾಟ್ ಎಂಬ ಹಳೆಯ ಪದ್ಧತಿಯಲ್ಲೇ ಫಾರ್ಮ್ಯಾಟ್ ಮಾಡುತ್ತಿದ್ದೆವು. ಕೆಟ್ಟರೆ ಒಂದು ಫ್ಲಾಪಿ ಹಾಕಿ ಎಬ್ಬಿಸಬಹುದು ಎಂಬ ಸೋಮಾರಿ ಲೆಕ್ಕ. ಆ ಪದ್ಧತಿಗೆ ನಾಲ್ಕು ಜಿಬಿಗಿಂತ ದೊಡ್ಡ ಫೈಲು ನುಂಗಲು ಬರುವುದಿಲ್ಲ. ಅಷ್ಟು ದೊಡ್ಡ ಫೈಲು ತುಮಕೂರಿನಲ್ಲಿ ಯಾರಿಗೆ ಬೇಕಿತ್ತು? ಡಿಸ್ಕನ್ನು ಹೊಸ ಪದ್ಧತಿಗೆ ಬದಲಾಯಿಸಿದ ಮೇಲೆ ರೆಕಾರ್ಡಿಂಗ್ ತಡೆಯಿಲ್ಲದೆ ಓಡಿತು.

ಸ್ಪರ್ಧೆಯ ದಿನ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ಒಂದು ಮೂಲೆಯಲ್ಲಿ ಮಾಮೂಲಿ ಟಿವಿ, ಇನ್ನೊಂದರಲ್ಲಿ ಕಂಪ್ಯೂಟರ್. ಶಮೀಮಮ್ಮ ಕಂಪ್ಯೂಟರಿನ ಮುಂದೆಯೇ ಕುರ್ಚಿ ಹಾಕಿಕೊಂಡಿದ್ದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನ ಚಿತ್ರ ಗಕ್ಕನೆ ನಿಂತಿತು. ಮಗಳ ತೋಳು ಮೇಲೆತ್ತಿದ ಹಾಗೇ ಉಳಿಯಿತು. ಆಕೆ ತಿರುಗಿ ನನ್ನ ಮುಖ ನೋಡಿದರು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

"ರೀಸ್ಟಾರ್ಟ್ ಮಾಡ್ಲಾ ರುದ್ರ, ಹ್ಯಾಂಗ್ ಆಗೈತೆ" ಎಂದು ಗಂಗಾಧರ ಬಟನ್ನಿಗೆ ಕೈ ಹಾಕಿದ.

ಅವನ ಕೈ ಹಿಡಿದುಕೊಂಡೆ. ಪರದೆಯ ಮೂಲೆಯಲ್ಲಿ ಫೈಲಿನ ಗಾತ್ರ ತೋರಿಸುವ ಅಂಕಿ ಇನ್ನೂ ಏರುತ್ತಿತ್ತು. ಬರುವ ಸಿಗ್ನಲ್ಲನ್ನು ಡಿಸ್ಕಿಗೆ ಇಳಿಸುವುದು ಒಂದು ಕೆಲಸ, ಅದನ್ನು ಬಿಡಿಸಿ ಚಿತ್ರ ಮಾಡಿ ತೋರಿಸುವುದು ಇನ್ನೊಂದು. ನನ್ನ ಹಳೆಯ ಪ್ರೊಸೆಸರಿಗೆ ಎರಡನೆಯದರ ಶಕ್ತಿ ಇರಲಿಲ್ಲ, ಮೊದಲನೆಯದು ನಡೆದೇ ಇತ್ತು. ಹಾಗೆಂದು ನಂಬಿದೆ. ರೀಸ್ಟಾರ್ಟ್ ಮಾಡಿ ಆ ನಡುವೆ ಅವಳು ಮಾತಾಡಿಬಿಟ್ಟರೆ ಮತ್ತೆ ಸಿಗುವುದಿಲ್ಲ.

"ಯಾರೂ ಮುಟ್ಬೇಡಿ. ಬರೀತಾ ಇದೆ" ಎಂದೆ.

ನಾಜಿಯಾ ಗೆದ್ದಳು. ಕೊನೆಯ ಎಸೆತ ಎಲ್ಲರದಕ್ಕಿಂತ ದೂರ ಹೋಗಿ ನಾಟಿತು. ನಮ್ಮ ಮನೆಯ ಗದ್ದಲಕ್ಕೆ ಬೀದಿ ನಾಯಿಗಳು ಬೊಗಳಿದವು. ಪದಕ ಕೊಡುವಾಗ ಕ್ಯಾಮೆರಾ ನಿಜವಾಗಿಯೂ ಅವಳ ಮುಖದ ಹತ್ತಿರ ಬಂತು. ಮಾಮೂಲಿ ಟಿವಿಯಲ್ಲಿ ಅವಳ ಬಾಯಿ ಆಡಿದ್ದು ಕಂಡಿತು. ದನಿ ಇಲ್ಲ, ಮೇಲೆ ವಿವರಣೆಕಾರನ ಹಿಂದಿ ಬೇರೆ. ನಾಲ್ಕೈದು ಉಸಿರಿನಲ್ಲಿ ಮುಗಿದುಹೋಯಿತು. ಶಮೀಮಮ್ಮ ಟಿವಿಯ ಗಾಜಿಗೆ ಮುಖ ತಾಗುವಷ್ಟು ಹತ್ತಿರ ಹೋಗಿದ್ದರು.

"ಏನೋ ಅಂದ್ಲು ಅಣ್ಣ" ಎಂದರು. "ಸಿಗ್ಲಿಲ್ಲ."

ರೆಕಾರ್ಡಿಂಗ್ ನಿಲ್ಲಿಸಿದೆ. ಫೈಲಿನಿಂದ ಆ ತುಣುಕನ್ನಷ್ಟೇ ಕತ್ತರಿಸಿ, ನನ್ನ ಬಡ ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ಬದಲಾಯಿಸಲು ಹಾಕಿದೆ. ಅದು ತಿಣುಕುತ್ತಾ ಕೂತಿತು. ಹಂಚಿದ ಲಾಡು ಖಾಲಿಯಾದರೂ ಯಾರೂ ಮನೆಗೆ ಹೋಗಲಿಲ್ಲ. ಕೊನೆಗೆ ಒತ್ತಿದೆ. ನಾಜಿಯಾ ಪರದೆಯ ತುಂಬ ನಿಂತಿದ್ದಳು. ಹುಬ್ಬಿನ ಮೇಲಿನ ಬೆವರಹನಿ ಕಾಣುತ್ತಿತ್ತು, ಒಡೆದ ಕೆಳತುಟಿ ಕಾಣುತ್ತಿತ್ತು. ಅವಳು ನೇರ ನಮ್ಮ ಕಡೆ ನೋಡಿ, ಮನೆಯಲ್ಲಿ ಮಾತಾಡುವ ಹಾಗೇ, ದನಿ ದಂಡ ಮಾಡದೆ ಮಾತಾಡಿದಳು.

ಕಿವಿ ಚುರುಕಾಗಿದ್ದ ನಮ್ಮ ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಶಮೀಮಮ್ಮನ ಮುಖ ಅರಳಿತು. ಮತ್ತೊಮ್ಮೆ ಹಾಕಿ ಎಂದು ಕೈ ಮಾಡಿದರು. ಹಾಕಿದೆ. ಇನ್ನೊಮ್ಮೆ ಎಂದರು. ಅವರ ತುಟಿಗಳೂ ಮಗಳ ಜೊತೆ ಆಡತೊಡಗಿದವು. ನನ್ನ ಕಣ್ಣು ತುಂಬಿ ಮೌಸಿನ ಬಾಣವೇ ಕಾಣದಾಯಿತು. ಬೋರ್ಡಿನಲ್ಲಿ ಬರೆಸಿದ್ದಕ್ಕೆಲ್ಲ ಅಂದು ಬೆಲೆ ಬಂತು ಎನಿಸಿತು.

ತಡೆಯಲಾರದೆ ಗಂಗಾಧರನೇ ಆಕೆಯ ಎದುರಿಗೆ ಹೋಗಿ ಕೇಳಿದ. ಶಮೀಮಮ್ಮ ಎಲ್ಲರ ಕಡೆ ತಿರುಗಿದರು.

"ಯೂನಿಫಾರಂ ಒಳಗಡೆ ನಾನು ಹೊಲ್ದಿದ್ ಬನಿಯನ್ನೇ ಹಾಕ್ಕೊಂಡವ್ಳಂತೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆದರೆ ತುಟಿ ಅದಕ್ಕಿಂತ ಹೆಚ್ಚು ಹೊತ್ತು ಆಡಿದ್ದನ್ನು ನಾನು ನೋಡಿದ್ದೆ. ಆಕೆಗೆ ಕಾಣುವಂತೆ ಮುಖ ಮಾಡಿ ನಾನೂ ಕೇಳಿದೆ: "ಇನ್ನೇನಂದ್ಲಮ್ಮ?"

ನಾನು ಕೇಳಿದ ಮೇಲೆ ಆಕೆ ನಕ್ಕರು. ಅಷ್ಟು ದಿನ ತಾವು ನನ್ನನ್ನು ಕೇಳುತ್ತಿದ್ದ ಮಾತು ಅದು ಎಂದು ಅವರಿಗೂ ಹೊಳೆದಿರಬೇಕು.

"ಮಿಕ್ಕಿದ್ದು ನಂಗಂದಿದ್ದು ಅಣ್ಣ" ಎಂದರು.

ಅಂಗಡಿಯನ್ನು ಬೇರೆಯವರಿಗೆ ಕೊಟ್ಟು ಈಗ ಆರಾಮವಾಗಿದ್ದೇನೆ. ಆ ಕಸುಬು ನನಗೆ ಕಲಿಸಿದ್ದು ಇಷ್ಟು: ಸಿಗ್ನಲ್ ಒಂದು ಚೂರೂ ಕೆಡದ ಹಾಗೆ ಮನೆಯ ತನಕ ತಲುಪಿಸುವುದು ನಮ್ಮ ಕೆಲಸ, ಅದರೊಳಗೆ ಏನಿದೆ ಎಂಬುದು ಆ ಮನೆಯವರ ಸ್ವತ್ತು. ಆ ತುಣುಕು ಇನ್ನೂ ನನ್ನ ಬಳಿ ಇದೆ, ಒಂದು ಗೆರೆಯೂ ಮಾಸಿಲ್ಲ. ಅದರಲ್ಲಿ ಏನಿದೆ ಎಂದು ನನಗೆ ಇಂದಿಗೂ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ನಾನು ಕೆಲಸ ಸರಿಯಾಗಿ ಮಾಡಿದ್ದಕ್ಕೆ ಸಾಕ್ಷಿ.